ಎಂಟನೇ ಪದ

ಉಣ್ಣೆ ಕತ್ತರಿಸುವ ಕತ್ತರಿಯ ಅಲಗಿನಿಂದ ಪೆನ್ಸಿಲ್ಲನ್ನು ಮೂರನೆಯ ಸಲ ಕೆತ್ತಿದಾಗ ಅದು ಹೆಬ್ಬೆರಳಿನಷ್ಟೇ ಉಳಿಯಿತು. ಕಾಮಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. ಮೊನೆ ಚೂಪಾಗಿತ್ತು. ಹಾಳೆ ಮಾತ್ರ ಬೆಳ್ಳಗೆ ಹಾಗೇ ಇತ್ತು. ಸಕ್ಕರೆ ಕಾರ್ಖಾನೆಯ ಮುಂಜಾನೆಯ ಭೋಂಗಾ ಕೂಗಿದಾಗ ಗೋಡೆಗೆ ಬೆನ್ನು ಹಚ್ಚಿ ಕೂತವನು. ಈಗ ಬಿಸಿಲು ಹೊಸ್ತಿಲು ದಾಟಿ ಎರಡು ಗೇಣು ಒಳಗೆ ಬಂದಿತ್ತು, ಒಂದಕ್ಷರ ಬಿದ್ದಿರಲಿಲ್ಲ. ಸಂಜೆಗೆ ಭರಮು ಬರುವವನಿದ್ದ. ಉಗಾರ ಬುದ್ರುಕದ ಡೊಳ್ಳಿನ ಮೇಳದ ಮುಂದಾಳು ಅವನು. ನಾಳೆ ಮೇಳದವರೆಲ್ಲ ಮಿರಜಿಗೆ ಹೋಗಿ ಕ್ಯಾಸೆಟ್ಟಿಗೆ ಹಾಡುವವರು. ಎರಡೂ ಬದಿ ಸೇರಿ ಎಂಟು ಪದ ಬೇಕು, ಏಳು ಆಗಿದ್ದವು. ಕ್ಯಾಸೆಟ್ಟಿನ ಮೇಲಿನ ಬಣ್ಣದ ಕಾಗದ ಆಗಲೇ ಅಚ್ಚಾಗಿ ಬಂದಿತ್ತು. ಡೊಳ್ಳಿನ ಚಿತ್ರದ ಕೆಳಗೆ, ‘ಪದ ಕಟ್ಟಿದವರು: ಉಗಾರದ ಕಾಮಣ್ಣ’. ಅದರಲ್ಲೊಂದನ್ನು ಭರಮು ಕೊಟ್ಟು ಹೋಗಿದ್ದ. ಅದನ್ನು ನಾಲ್ಕು ಮಡಿಕೆ ಮಾಡಿ ಟೊಪ್ಪಿಗೆಯ ಒಳಗಿಟ್ಟುಕೊಂಡಿದ್ದ ಕಾಮಣ್ಣನಿಗೆ, ಬೆಳಗಿನಿಂದ ಅದು ನೆತ್ತಿಗೆ ಚುಚ್ಚುತ್ತಿತ್ತು. ತೆಗೆದು ಬೇರೆ ಕಡೆ ಇಡಬಹುದಿತ್ತು, ಇಡಲಿಲ್ಲ.

ಒಳಗೆ ಸಾವಕ್ಕ ಒಲೆಯ ಮುಂದಿದ್ದಳು. ಹೆಂಡತಿ ಕಣ್ಣಿಗೆ ಕಾಣದಿದ್ದರೂ ಅವಳ ಉಸಿರು ಅವನಿಗೆ ಕೇಳುತ್ತಿತ್ತು. ಮೂಗಿನ ಉಸಿರಲ್ಲ ಅದು. ಕೊರಳಿನ ತೂತಿನಿಂದ, ಅದರ ಮೇಲೆ ಇಳಿಬಿಟ್ಟ ತೊಯ್ದ ಅರಿವೆಯ ಹಿಂದಿನಿಂದ ಬರುವುದು, ಸೈಕಲ್ಲಿನ ಗಾಲಿಯಿಂದ ಗಾಳಿ ಸಣ್ಣಗೆ ಸೋರಿದ ಹಾಗೆ. ಮಿರಜಿನ ದವಾಖಾನೆಯಲ್ಲಿ ಗಂಟಲಿನ ಆಪರೇಶನ್ ಮಾಡಿಸಿ ಕರೆತಂದು ಎರಡು ತಿಂಗಳಾಗಿತ್ತು. ಇನ್ನೂ ಅವನಿಗೆ ಅದು ರೂಢಿಯಾಗಿರಲಿಲ್ಲ. ಅವಳ ಬೆನ್ನ ಹಿಂದೆ ಬೇರೆ ಯಾರೋ ನಿಂತು ಉಸಿರಾಡುತ್ತಿದ್ದಾರೆ ಅನಿಸಿ ಒಮ್ಮೊಮ್ಮೆ ತಿರುಗಿ ನೋಡುತ್ತಿದ್ದ. ಅವನು ಹಾಗೆ ನೋಡುವುದನ್ನು ಅವಳು ನೋಡುತ್ತಿದ್ದಳು. ಮೊದಲಾಗಿದ್ದರೆ ‘ಏನ ನೋಡ್ತಿ, ಹೊಸಾಕಿ ಬಂದಾಳೇನ ಮನಿಗಿ?’ ಅಂದಿರುತ್ತಿದ್ದಳು. ಈಗ ರೊಟ್ಟಿ ತಿರುವಿ ಹಾಕುತ್ತಿದ್ದಳು, ಅಷ್ಟೆ.

ಅವಳು ಹಾಡುತ್ತಿದ್ದಳು, ಅವನು ಬರೆಯುತ್ತಿದ್ದ. ಮೂವತ್ತು ವರ್ಷ ಅದು ಅಷ್ಟು ಸರಳವಾಗಿತ್ತು. ಎರಡನೇ ಇಯತ್ತೆಗೆ ಸಾಲೆ ಬಿಟ್ಟು ಕುರಿಯ ಹಿಂದೆ ಹೋದವನಿಗೆ ಪದ ಕಟ್ಟುವುದು ಎಲ್ಲಿಂದ ಬಂತು ಅಂತ ಊರಿನವರು ಬೆರಗಾಗುತ್ತಿದ್ದರು. ನಸುಕಿನಲ್ಲಿ ಸಾವಕ್ಕ ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತು ಗೂಟಕ್ಕೆ ಕೈ ಹಾಕಿದರೆ ಸಾಕು, ಗೋಡೆಯ ಈಚೆ ಕಂಬಳಿ ಹೊದ್ದು ಕೂತ ಇವನ ತಲೆಯೊಳಗೆ ಕದ ತೆರೆಯುತ್ತಿತ್ತು. ಕೆಳಗೆ ಕಲ್ಲಿನ ಗರಗರ, ಮೇಲೆ ಅವಳ ದನಿ. ಆ ದನಿ ಸಾಲಿನ ಕೊನೆಗೆ ಒಂದಿಷ್ಟು ಜಗ್ಗಿ ನಿಂತು, ಕಲ್ಲು ಒಂದು ಸುತ್ತು ಸುತ್ತಿ ಬರುವತನಕ ಕಾದು, ಮತ್ತೆ ಏಳುತ್ತಿತ್ತು. ಆ ಕಾಯುವ ಹೊತ್ತಿನಲ್ಲೇ ಇವನ ಕೈ ಓಡುತ್ತಿತ್ತು. ಕೇಳಿದವರಿಗೆ ಇವನು ಹೇಳುತ್ತಿದ್ದುದು ಒಂದೇ ಮಾತು: ‘ಹಾಡ ಕಿವಿಗಿ ಬಿದ್ದರ ತಲಿ ಬಿಚ್ಚತದ ನೋಡ್ರಿ. ಮಳಿ ಬಿದ್ದ ಮ್ಯಾಲ ನೆಲಾ ಬಿಚ್ಚಿದಂಗ.’ ಅವಳ ಹಾಡಿನ ಮಾತು ತನಗೆ ಕೇಳುವುದೇ ಇಲ್ಲ, ಬರೀ ದನಿ ಸಾಕು ಅಂತಲೂ ಹೇಳುತ್ತಿದ್ದ. ಯಾರೂ ಕೇಳದಿದ್ದಾಗಲೂ ಅದೊಂದನ್ನು ಹೇಳುತ್ತಿದ್ದ.

ಊರಿಗೆ ಹಿಟ್ಟಿನ ಗಿರಣಿ ಬಂದ ವರ್ಷ ಹೆಂಗಸರೆಲ್ಲ ಬೀಸುಕಲ್ಲನ್ನು ಮೂಲೆಗೆ ಉರುಳಿಸಿದರು. ಸಾವಕ್ಕನೂ ಉರುಳಿಸಿದಳು. ನಾಲ್ಕು ತಿಂಗಳು ಇವನಿಗೆ ಒಂದು ಪದವೂ ಹತ್ತಲಿಲ್ಲ. ಐದನೇ ತಿಂಗಳು ಕಲ್ಲನ್ನು ತಾನೇ ಮೂಲೆಯಿಂದ ತಂದು ನಡುಮನೆಯಲ್ಲಿ ಇಟ್ಟ.

‘ಬೀಸು.’

‘ಏನ ಬೀಸ್ಲಿ? ಗಿರಣ್ಯಾಗ ಬೀಸಿದ್ದ ಐತೆಲ್ಲಾ.’

‘ಆದರೂ ಬೀಸು.’

ಅವಳು ಅವನ ಮಾರಿ ನೋಡಿ ನಕ್ಕಿದ್ದಳು. ಬರೀ ಕಲ್ಲು ತಿರುವಬಾರದು. ಕಾಳಿಲ್ಲದೆ ಕಲ್ಲಿಗೆ ಕಲ್ಲು ತಿಕ್ಕಿದರೆ ಮನೆಯೂ ಹಾಗೇ ಬರಿದಾಗುತ್ತದೆ ಅಂತ ಅವಳ ಅವ್ವ ಹೇಳಿ ಕಳಿಸಿದ್ದಳಂತೆ. ಅದಕ್ಕೆ ಗಿರಣಿಯ ಹಿಟ್ಟನ್ನೇ ಮತ್ತೆ ಕಲ್ಲಿಗೆ ಹಾಕಿದಳು. ಅವತ್ತಿನಿಂದ ಆ ಮನೆಯಲ್ಲಿ ಬೀಸಿದ ಹಿಟ್ಟನ್ನೇ ಬೀಸುವುದು ನಡೆಯಿತು. ಹಿಟ್ಟಿನೊಳಗೆ ಕಲ್ಲಿನ ಹರಳು ಬರುತ್ತಿದ್ದವು, ರೊಟ್ಟಿ ಹಲ್ಲಿಗೆ ಕರಕರ ಅನ್ನುತ್ತಿತ್ತು. ಇವನ ದವಡೆಯ ಒಂದು ಹಲ್ಲು ಹಾಗೇ ಸೀಳಿಹೋಯಿತು. ಬದಿಯ ಮನೆಯ ದುಂಡವ್ವ ಗೋಡೆಯಾಚೆಯಿಂದ, ‘ಸಾವಕ್ಕಾ, ಹಿಟ್ಟ ಎಷ್ಟ ಸಣ್ಣ ಮಾಡ್ತೀಯ ಬೇ? ನಿನ್ನ ಗಂಡ ಇನ್ನಾ ಬೋಳಬಾಯಿ ಕೂಸೇನ?’ ಅಂತ ಕೂಗುತ್ತಿದ್ದಳು. ಇವಳು ಒಳಗಿನಿಂದ, ‘ಹೌದ ಬೇ, ಜೋಗುಳಾನೂ ಹಾಡಬೇಕ ಈ ಕೂಸಿಗಿ’ ಅನ್ನುತ್ತಿದ್ದಳು. ಅರ್ಧ ತಾಸು, ಮುಕ್ಕಾಲು ತಾಸು ಆದ ಮೇಲೆ ಕಲ್ಲು ನಿಲ್ಲಿಸದೆಯೇ ಕೇಳುತ್ತಿದ್ದಳು.

‘ಸಾಕೇನ?’

‘ಇನ್ನೊಂದೀಟ’ ಅನ್ನುತ್ತಿದ್ದ ಇವನು.

ಸಾಕು ಅಂತ ತಾನಾಗಿ ಎಂದಾದರೂ ಅಂದದ್ದಿತ್ತೇ? ಈಗ ನೆನಪು ಮಾಡಿಕೊಂಡು ನೋಡಿದ. ಇವತ್ತು ಬೆಳಗಿನಿಂದ ಇದೊಂದೇ ಕೆಲಸ ನಡೆದಿತ್ತು. ಯಾವ ವರ್ಷ ಎಷ್ಟು ಮರಿ ಬಿದ್ದವು, ಯಾವ ಟಗರಿಗೆ ಯಾವ ಕೋಡು ಮುರಿಯಿತು, ಎಲ್ಲ ನೆನಪಿತ್ತು. ಸಾಕು ಅಂದದ್ದು ಮಾತ್ರ ನೆನಪಿಗೆ ಬರಲಿಲ್ಲ.

ಎದ್ದು ಅಂಗಿ ಹಾಕಿಕೊಂಡು ಬಾಳಾಸಾಬನ ಮನೆಗೆ ಹೋದ. ಬಾಳಾಸಾಬ ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗಿಸುವ ನೌಕರ, ರಾತ್ರಿ ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತಿದ್ದ.

‘ನಿಮ್ಮ ಟೇಪ ಒಂದೀಟ ಬೇಕಾಗಿತ್ರಿ, ಬಾಳಾಸಾಬ್ರ.’

‘ಬಾ ಕವಿ ಬಾ. ಕ್ಯಾಸೆಟ್ ಬರೂಕಿಂತ ಮೊದಲ ಟೇಪ ಬೇಕಾತೇನ?’

‘ಹಂಗಲ್ರಿ. ಹಾಡ ಕೇಳಕೋತ ಕುಂತರ ಬರಿಯಾಕ ಬರ್ತತೇನೊ ಅಂತ.’

‘ನಮ್ಮ ಮಗಾನೂ ಇದನ್ನ ಅಂತಾನ. ಹಾಡ ಹಚ್ಚಿಕೊಂಡರ ತಲಿ ಓಡತದ ಅಂತ ಗಣಿತಾ ಮಾಡಾಕ ಕುಂಡರ್ತಾನ. ಎರಡ ಸಲ ನಾಪಾಸ ಆಗ್ಯಾನ.’ ಬಾಳಾಸಾಬ ಬಾಯಿ ಮುಕ್ಕಳಿಸಿ ಉಗುಳಿದ. ‘ವೈನಿ ಆರಾಮ ಅದಾರ?’

‘ಅದಾಳ್ರಿ.’

‘ಮಾತು?’

ಕಾಮಣ್ಣ ಕಟ್ಟೆಯ ಮೇಲಿದ್ದ ಟೇಪಿನ ಹಿಡಿಕೆಯನ್ನು ಮೇಲೆತ್ತಿ ಕೆಳಗೆ ಬಿಟ್ಟ. ಬಾಳಾಸಾಬ ಸೆಲ್ಲು ಹಾಕಿ, ಒಂದು ಭಜನೆಯ ಕ್ಯಾಸೆಟ್ ಕೂಡಿಸಿ ಕೊಟ್ಟ. ‘ಕೆಂಪ ಗುಂಡಿ ಒತ್ತಬ್ಯಾಡ ಮತ್ತ. ಅದು ತುಂಬಸು ಗುಂಡಿ, ಇದ್ದ ಹಾಡ ಅಳಸಿ ಹೋಕ್ಕತಿ’ ಅಂದ. ಹೋದ ವರ್ಷ ಇದೇ ಕಟ್ಟೆಯ ಮೇಲೆ ಕೂತು, ‘ವೈನಿ ಹಾಡ ಒಮ್ಮಿ ತುಂಬಸೂನೇನ ಕಾಮಣ್ಣ, ಅಂಥಾ ದನಿ ಸಿಗೂದಲ್ಲ’ ಅಂದಿದ್ದವನು. ‘ಹೆಂಗಸರ ಹಾಡ ಏನ ತುಂಬಸ್ತೀರಿ’ ಅಂದಿದ್ದ ಇವನು. ಬಾಳಾಸಾಬನಿಗೆ ಅದು ನೆನಪಿದೆಯೋ ಇಲ್ಲವೋ ಕಣ್ಣಲ್ಲಿ ಹುಡುಕಿದ. ಬಾಳಾಸಾಬ ಟವೆಲ್ಲಿನಿಂದ ಮಾರಿ ಒರೆಸಿಕೊಳ್ಳುತ್ತಿದ್ದ. ಅವತ್ತು ಇವನು ಹಾಗೆ ಅಂದದ್ದು ಹೆಂಗಸರ ಹಾಡು ಅಂತಲ್ಲ. ಅವಳ ಹಾಡು ಟೇಪಿನಲ್ಲಿ ಕೂತು ಊರೂರು ಕೇಳಿದರೆ, ಇವನ ಪದ ಎಲ್ಲಿಂದ ಬಂದವು ಅಂತ ದಡ್ಡನಿಗೂ ತಿಳಿಯುತ್ತಿತ್ತು. ಟೇಪನ್ನು ಕುರಿಮರಿಯಂತೆ ಎದೆಗೆ ಅವಚಿಕೊಂಡು ಓಣಿಯಲ್ಲಿ ನಡೆಯುವಾಗ ಇದನ್ನು ತನಗೆ ತಾನೇ ಇಷ್ಟು ಬಿಚ್ಚಿ ಹೇಳಿಕೊಂಡದ್ದು ಮೊದಲ ಸಲ ಅನಿಸಿ ಕಿವಿ ಬಿಸಿಯಾದವು.

ಅವಳ ಒಂದು ತ್ರಿಪದಿ ಇತ್ತು. ‘ಕಲ್ಲಿನ ಹೊಟ್ಟಿಗಿ ಕಾಳ ಎಷ್ಟ್ ಹಾಕಿದರೂ, ಕಲ್ಲುಂಡು ಬಾಯಿ ಒರಸಲಿಲ್ಲ, ಹಿಟ್ಟೆಲ್ಲ ಮಂದೀಯ ತಟ್ಟಿ ಸೇರೈತಿ.’ ಇವನು ಕಲ್ಲು ಇದ್ದಲ್ಲಿ ಗುರು ಅಂತ ಬರೆದ. ಗುರು ಉಂಡು ಬಾಯಿ ಒರಸಲಿಲ್ಲ. ಮೇಳ ಅದನ್ನು ರಾಯಬಾಗದಲ್ಲಿ ಹಾಡಿದಾಗ ಮಂದಿ ಎದ್ದು ನಿಂತು ಅರಿಶಿನದ ಭಂಡಾರ ಹಾರಿಸಿದ್ದರು. ಅವತ್ತು ಮನೆಗೆ ಬಂದು ಹೇಳಿದಾಗ ಸಾವಕ್ಕ ಕೇಳಿದ್ದು ಒಂದೇ: ‘ಕಲ್ಲ ಎಲ್ಲಿ ಹೋತು?’ ಇವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಇಬ್ಬರೂ ನಕ್ಕಿದ್ದರಿಂದ ಆ ಮಾತು ಅಲ್ಲಿಗೆ ಮುಗಿದಿತ್ತು.

ಟೇಪು ಹಚ್ಚಿದ. ತಾಳ, ಹಾರ್ಮೋನಿಯಂ ಪೇಟಿ, ಮಿರಜಿನ ಕಡೆಯ ಯಾವನೋ ಒಬ್ಬನ ತುಂಬಿದ ದನಿ. ಚೆನ್ನಾಗಿಯೇ ಹಾಡುತ್ತಿದ್ದ. ಎಲ್ಲಿಯೂ ಕಾಯುತ್ತಿರಲಿಲ್ಲ ಅವನು. ಸಾಲು ಮುಗಿದಲ್ಲಿ ಪೇಟಿ ಹಾರಿ ಬಂದು ತುಂಬುತ್ತಿತ್ತು, ಇವನ ಮಾತಿಗೆ ಕೂರಲು ಜಾಗವೇ ಇರಲಿಲ್ಲ. ಒಂದು ಬದಿ ಮುಗಿಯಿತು. ತಿರುವಿ ಹಾಕಿದ. ಹಾಳೆಯ ಮೇಲೆ ಒಂದು ಗೀಟು ಎಳೆದು ಅದನ್ನೇ ದಪ್ಪ ಮಾಡುತ್ತ ಕೂತ. ಎರಡನೇ ಬದಿಯ ಮೂರನೇ ಹಾಡಿಗೆ ಸೆಲ್ಲು ಸೋತವು. ದನಿ ಇಳಿಯತೊಡಗಿತು. ಮೊದಲು ಭಾರವಾಯಿತು, ಆಮೇಲೆ ಒಡೆಯಿತು, ಆಮೇಲೆ ಒಂದೊಂದು ಅಕ್ಷರವನ್ನೂ ನೆಲದ ಮೇಲೆ ಎಳೆದುಕೊಂಡು ಹೋಗುವ ಹಾಗೆ ಜಗ್ಗಿತು. ಗಂಡಸಿನ ದನಿಯಾಗಿಯೂ ಉಳಿಯಲಿಲ್ಲ, ಹೆಂಗಸಿನದೂ ಆಗಲಿಲ್ಲ. ಕಾಮಣ್ಣನ ಕೈ ತಾನಾಗಿ ಪೆನ್ಸಿಲ್ಲನ್ನು ಹಿಡಿದು ಹಾಳೆಗೆ ತಂದಿತ್ತು.

ಅದು ಥೇಟ್ ಸಾವಕ್ಕನ ಹೋದ ವರ್ಷದ ದನಿಯ ಹಾಗಿತ್ತು. ಹಲ್ಲಿಗೆ ಸುಟ್ಟ ತಂಬಾಕಿನ ಮಶೇರಿ ತಿಕ್ಕುತ್ತಿದ್ದ ಅವಳ ಗಂಟಲು ಹೋದ ವರ್ಷವೇ ಕೆಟ್ಟಿತ್ತು. ‘ನುಂಗಿದರ ಮುಳ್ಳ ಚುಚ್ಚಿದಂಗ ಆಗ್ತತಿ’ ಅಂದಳು. ‘ಸಣ್ಣ ದನೀಲೆ ಹಾಡು’ ಅಂದ ಇವನು. ಸಣ್ಣ ದನಿಯಲ್ಲಿ ಹಾಡಿದಳು. ದನಿ ಒಡೆದು, ಎರಡಾಗಿ, ಒಂದರ ಕೆಳಗೆ ಒಂದು ತಿಕ್ಕುತ್ತ ಬರುತ್ತಿತ್ತು, ಕಲ್ಲಿನ ಮೇಲೆ ಕಲ್ಲು ಬಂದ ಹಾಗೆ. ಆ ವರ್ಷದ ಪದಗಳೇ ಎಲ್ಲಕ್ಕಿಂತ ಚೆನ್ನಾಗಿ ಬಂದವು. ಒಳಗೊಳಗೇ ಇವನಿಗೆ ಗೊತ್ತಿತ್ತು, ಆ ಒಡಕಿನಿಂದಲೇ ಬಂದವು ಅಂತ. ಗುಣವಾಗುವುದು ಬೇಡ ಅಂತ ಎಂದೂ ಅಂದುಕೊಳ್ಳಲಿಲ್ಲ. ಗುಣವಾದರೆ ಆ ದನಿ ಇರುವುದಿಲ್ಲ ಅಂತ ಮಾತ್ರ ಒಂದು ನಸುಕಿನಲ್ಲಿ ಹೊಳೆದಿತ್ತು. ಎರಡಕ್ಕೂ ಎಷ್ಟು ಅಂತರ? ಒಂದು ಉಗುರಿನಷ್ಟು ಇದ್ದೀತು.

ಮಿರಜಿನ ದವಾಖಾನೆಯಲ್ಲಿ ಚೀಟಿ ಬರೆಯುವ ಹೆಂಗಸು ‘ಧಂದಾ ಕಾಯ್ ಬಾಬಾ?’ ಅಂತ ಕಸುಬು ಕೇಳಿದಾಗ ಇವನು ಕವಿ ಅಂದ. ಅವಳು ಇವನ ಕಂಬಳಿ ನೋಡಿ, ತನ್ನ ಬದಿಗೆ ಕೂತವಳನ್ನು ನೋಡಿ, ‘ಮೇಂಢಪಾಳ’ ಅಂತ ಬರೆದುಕೊಂಡಳು. ಕುರುಬ. ಸುಳ್ಳೇನಲ್ಲ. ಒಳಗೆ ಡಾಕ್ಟರು ಸಾವಕ್ಕನ ಬಾಯಿಗೆ ಬ್ಯಾಟರಿ ಹಿಡಿದು ನೋಡಿ, ಕೈ ತೊಳೆದುಕೊಂಡು, ‘ಆವಾಜ ಜಾಣಾರ, ಮಾಣೂಸ ರಾಹೀಲ’ ಅಂದರು. ದನಿ ಹೋಗುತ್ತದೆ, ಮನುಷ್ಯಳು ಉಳಿಯುತ್ತಾಳೆ. ಇವತ್ತೇ ದಾಖಲಾಗಿ ಅಂದರು. ಸಾವಕ್ಕನಿಗೂ ಮರಾಠಿ ಬರುತ್ತಿತ್ತು. ಅವಳು ಮಂಚದ ಅಂಚಿಗೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಹದಿನೈದು ದಿನಕ್ಕೆ ಅಥಣಿಯಲ್ಲಿ ದಸರೆಯ ಡೊಳ್ಳಿನ ಸವಾಲಿನ ಪಂದ್ಯ ಇತ್ತು, ಕ್ಯಾಸೆಟ್ಟಿನ ಮಾತು ಆಗಲೇ ನಡೆದಿತ್ತು. ‘ಹದಿನೈದ ದಿನಾ ಬಿಟ್ಟ ಬರ್ತೇವ್ರಿ ಸಾಹೇಬ್ರ, ಮನ್ಯಾಗ ಅಡಚಣಿ ಐತಿ’ ಅಂದ ಕಾಮಣ್ಣ. ಅಡಚಣಿ ಏನು ಅಂತ ಡಾಕ್ಟರು ಕೇಳಲಿಲ್ಲ. ಬಸ್ಸಿನಲ್ಲಿ ಸಾವಕ್ಕ ಕಾಗವಾಡ ದಾಟುವತನಕ ಕಿಟಕಿಯ ಹೊರಗೆ ದ್ರಾಕ್ಷಿಯ ತೋಟಗಳನ್ನು ನೋಡಿದಳು. ಮರುದಿನ ನಸುಕಿನಲ್ಲಿ ಇವನು ಹೇಳುವ ಮೊದಲೇ ಕಲ್ಲು ತಿರುಗುತ್ತಿತ್ತು. ಹದಿನೈದು ದಿನ, ಏಳು ಪದ. ಆ ಹದಿನೈದು ದಿನಕ್ಕೆ ಗಂಟಲಲ್ಲಿ ಏನಾಯಿತು, ಮೊದಲೇ ಹೋಗಿದ್ದರೆ ಸ್ವಲ್ಪವಾದರೂ ಉಳಿಸುತ್ತಿದ್ದರೋ ಅಂತ ಆಮೇಲೆ ಡಾಕ್ಟರನ್ನು ಕೇಳಬಹುದಿತ್ತು. ಮೂರು ಸಲ ಅವರ ಕೋಣೆಯ ಬಾಗಿಲತನಕ ಹೋಗಿ ಬಂದ.

ಟೇಪು ನಿಂತಿತು. ಹಾಳೆಯ ಮೇಲೆ ಮೂಡಿದ್ದು ಒಂದೇ ಅಕ್ಷರ, ಅದೂ ಅರ್ಧ.

ತಲೆ ಎತ್ತಿದಾಗ ಸಾವಕ್ಕ ಒಳಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಇವನು ಅವಳನ್ನು ನೋಡಬೇಕಿತ್ತು, ನೋಡಿದ್ದು ಅವಳ ಹಿಂದಿದ್ದ ಬೀಸುಕಲ್ಲನ್ನು. ಒಂದು ಕ್ಷಣ ಅಷ್ಟೆ, ಕೂಡಲೇ ಕಣ್ಣು ತೆಗೆದ. ಮೂವತ್ತು ವರ್ಷ ಜೊತೆಗೆ ಬದುಕಿದವರಿಗೆ ಅಷ್ಟು ಸಾಕಾಗುತ್ತದೆ. ಅವಳು ಹೋಗಿ ಕೊರಳಿನ ಅರಿವೆಯನ್ನು ನೀರಲ್ಲಿ ಅದ್ದಿ ಹಿಂಡಿ ಕಟ್ಟಿಕೊಂಡಳು. ಧೂಳಿನ ಕೆಲಸ ಕೂಡದು, ತೂತಿನಿಂದ ಧೂಳು ನೇರ ಎದೆಗೆ ಇಳಿಯುತ್ತದೆ ಅಂತ ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು. ಹಿಟ್ಟಿನ ಬುಟ್ಟಿ ತಂದಳು. ಬುಟ್ಟಿ ಬರಿದಾಗಿತ್ತು. ಜೋಳ ಗಿರಣಿಗೆ ಹೋಗಿತ್ತು, ದುಂಡವ್ವ ಸಂಜೆಗೆ ತರುವವಳಿದ್ದಳು. ಸಾವಕ್ಕ ಬುಟ್ಟಿಯನ್ನು ಅವನ ಕಡೆಗೆ ಓರೆ ಮಾಡಿ ತೋರಿಸಿದಳು. ತಳದ ಸಗಣಿ ಬಳಿದ ಹೆಣಿಗೆ ಕಾಣುತ್ತಿತ್ತು. ತೋರಿಸಿ ಹಾಗೇ ಹಿಡಿದುಕೊಂಡು ನಿಂತಳು. ಆಗ ಅವನು ಬ್ಯಾಡ ಬಿಡು ಅನ್ನಬಹುದಿತ್ತು. ಅವನು ವಹಿಯ ಹಾಳೆ ತಿರುವಿ, ಗೀಟು ಎಳೆಯದ ಹೊಸ ಹಾಳೆ ತೆಗೆದ.

ಬುಟ್ಟಿ ಕೆಳಗಿಟ್ಟ ಸಪ್ಪಳವಾಯಿತು. ಆಮೇಲೆ ಕಲ್ಲಿನದು.

ಕಾಳಿದ್ದಾಗಿನ ಗರಗರ ಅಲ್ಲ ಅದು. ನಡುವೆ ಏನೂ ಇರಲಿಲ್ಲ. ಒಂದರ ಹಲ್ಲು ಒಂದಕ್ಕೆ ತಾಗಿ ಕಿರ್ರೆನ್ನುವ, ಹಲ್ಲುಗಳ ಬೇರಿನತನಕ ಇಳಿಯುವ ಸಪ್ಪಳ. ಅದರ ಜೊತೆ ಅವಳ ಕೊರಳಿನ ಸುಂಯ್. ಗೂಟ ಹತ್ತಿರ ಬಂದಾಗ ಒಂದು, ದೂರ ಹೋದಾಗ ಒಂದು. ಹಾಡು ಬರಬೇಕಾದಲ್ಲಿ ಆ ಗಾಳಿ ಬರುತ್ತಿತ್ತು. ಅವಳು ಒಳಗೆ ಹಾಡಿಕೊಳ್ಳುತ್ತಿದ್ದಳೋ ಏನೋ. ಸಾಲಿನ ಕೊನೆಗೆ ಕಲ್ಲು ಮೊದಲಿನ ಹಾಗೇ ಒಂದು ಸುತ್ತು ನಿಧಾನವಾಗಿ ಕಾಯುತ್ತಿತ್ತು. ಕಾಮಣ್ಣ ಕಣ್ಣು ಮುಚ್ಚಿದ. ಕದ ತೆರೆಯಲಿ ಅಂತ ಕಾದ. ತೆರೆಯಲಿಲ್ಲ. ಕದದ ಈಚೆ ತಾನೊಬ್ಬನೇ ನಿಂತಿದ್ದ. ಕೊನೆಗೆ ಕಣ್ಣು ತೆರೆದು, ಬರೆಯಬೇಕಾದ್ದರಿಂದ ಬರೆದ. ಬರೆಯುವಾಗ ಸಂತೋಷವಾಗಲಿಲ್ಲ, ಒಂದು ಸಾಲು ಇನ್ನೊಂದನ್ನು ಕರೆಯಲಿಲ್ಲ. ಗಟ್ಟಿ ನೆಲದಲ್ಲಿ ಕುಂಟೆ ಹೊಡೆದ ಹಾಗೆ ಒಂದೊಂದನ್ನೂ ಕೈಯಿಂದ ದೂಡಿದ. ಕೊನೆಗೆ ರೂಢಿಯ ಪ್ರಕಾರ ಉಗಾರದ ಕಾಮಣ್ಣ ಹೇಳ್ಯಾನ ಅಂತ ಹೆಸರು ಕಟ್ಟಬೇಕಿತ್ತು. ಪೆನ್ಸಿಲ್ಲು ಅಲ್ಲಿ ನಿಂತಿತು. ಸಾವಕ್ಕ ಅಂತ ಬರೆದರೆ? ಆ ಮೂರಕ್ಷರ ಕೂರುವಷ್ಟು ಜಾಗ ಬಿಟ್ಟು ನೋಡಿದ. ಆದರೆ ಇದರಲ್ಲಿ ಅವಳದು ಒಂದು ಮಾತೂ ಇರಲಿಲ್ಲ. ಅವಳದೆಲ್ಲವನ್ನೂ ತನ್ನ ಹೆಸರಿನಲ್ಲಿ ಇಟ್ಟುಕೊಂಡವನು, ತನ್ನದನ್ನು ಅವಳ ಹೆಸರಿಗೆ ಬರೆಯಲು ಹೊರಟಿದ್ದ. ತನ್ನ ಹೆಸರೇ ಬರೆದ.

ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಗಿತ್ತು. ಭರಮು ಅಂಗಳದಲ್ಲಿ ಸೈಕಲ್ಲು ಗೋಡೆಗೆ ಆನಿಸಿದ.

‘ಏನ ಕಾಕಾ, ಆತೇನ ಎಂಟು?’

‘ಆತು.’

‘ಕಾಕು ಬೀಸಾಕತ್ತಾಳ? ಅಂದರ ಆಗಿರಬೇಕ ಬಿಡು’ ಅಂತ ನಗುತ್ತ ಭರಮು ಹಾಳೆ ತೆಗೆದುಕೊಂಡ. ಏಳನೇ ಇಯತ್ತೆ ಕಲಿತವನು, ದನಿ ತೆಗೆದೇ ಓದುವ ರೂಢಿ ಅವನಿಗೆ. ‘ಕುರಿ ಹೋದವು. ಕುರಿ ಹಿಂದ ನಾಯಿ ಹೋತು. ನಾಯಿ ಹಿಂದ ನಾ ಹೋದೆ. ಹಟ್ಟ್ಯಾಗ ಕಲ್ಲ ತಿರಗತಿತ್ತು. ಯಾಕ ಅಂತ ನಾ ಕೇಳಲಿಲ್ಲ.’ ನಿಲ್ಲಿಸಿ, ಹಾಳೆಯ ಹಿಂಬದಿ ನೋಡಿ, ಮತ್ತೆ ಮುಂದಿನ ಸಾಲುಗಳನ್ನು ತುಟಿಯಲ್ಲೇ ಓದಿಕೊಂಡ.

‘ಇದು ನೀ ಬರದದ್ದ ಹೌದ ಕಾಕಾ?’

‘ಹೌದು.’

‘ಅಲ್ಲ ಅನಸ್ತತಿ. ನಿನ್ನ ಪದ ಅಂದರ ಓದೂದರಾಗ ಡೊಳ್ಳ ತಾನ ಬಡಕೊಂಡಂಗ ಆಗ್ತತಿ. ಇದಕ ಡೊಳ್ಳ ಎಲ್ಲಿ ಬಡೀಬೇಕ? ಖರೇ ಹೇಳು, ಯಾರ ಕಡೆ ಬರಿಸಿದಿ?’

‘ನಾನ ಬರದೇನ ಭರಮು. ನಾ ಒಬ್ಬನ ಬರದೇನ.’

ಭರಮು ಅವನ ಮಾರಿ ನೋಡಿ ನಗು ಇಳಿಸಿದ. ಮುದುಕನಿಗೆ ಹೆಂಡತಿಯ ಚಿಂತೆ ಹತ್ತಿದೆ ಅಂದುಕೊಂಡನೇನೋ. ‘ಇರಲಿ ಬಿಡು. ಎಂಟನೇದಕ ಹಳೇದ ಹಾಡ್ತೇವು. ಗುರು ಉಂಡು ಬಾಯಿ ಒರಸಲಿಲ್ಲ, ಅದನ್ನ. ಅದು ನಿನ್ನ ಕೈಲೆ ಬರದದ್ದು. ಮಂದಿಗೂ ಗೊತ್ತ ಐತಿ’ ಅಂದು, ಹಾಳೆಯನ್ನು ಮಡಿಚಿ ಕಾಮಣ್ಣನ ಅಂಗಿಯ ಕಿಸೆಯಲ್ಲಿ ತಾನೇ ಇಟ್ಟು, ಮೇಲಿನಿಂದ ಮೆಲ್ಲಗೆ ತಟ್ಟಿ ಹೋದ. ಸೈಕಲ್ಲಿನ ಸಪ್ಪಳ ಓಣಿಯ ತಿರುವಿನತನಕ ಕೇಳಿಸಿತು.

ಕಲ್ಲು ಇನ್ನೂ ತಿರುಗುತ್ತಿತ್ತು.

ಆಗ ಅವನಿಗೆ ಹೊಳೆಯಿತು. ಸಾಕೇನ ಅಂತ ಅವಳು ಕೇಳುವಂತಿರಲಿಲ್ಲ. ಮುಕ್ಕಾಲು ತಾಸಿಗೆ ಒಮ್ಮೆ ಒಳಗಿನಿಂದ ಬರುತ್ತಿದ್ದ ಮಾತು ಬರುವಂತಿರಲಿಲ್ಲ. ಬರಲಿಲ್ಲವಾದ್ದರಿಂದ ಮಧ್ಯಾಹ್ನದಿಂದ ಅವಳು ನಿಲ್ಲಿಸಿರಲಿಲ್ಲ. ಒಳಗೆ ಹೋದ. ಕಲ್ಲಿನ ಸುತ್ತ ಬೂದುಬಣ್ಣದ ಧೂಳು ಬಿದ್ದಿತ್ತು, ಹಿಟ್ಟಿನ ಹಾಗೇ ಸಣ್ಣಗೆ, ದುಂಡಗೆ. ಅವಳ ರೆಪ್ಪೆಯ ಮೇಲೆ, ಮುಂಗೈಯ ಮೇಲೆ ಅದೇ. ಕೊರಳಿನ ಅರಿವೆ ಒಣಗಿ ನಡುವೆ ಬೂದು ಹತ್ತಿತ್ತು, ಉಸಿರಿಗೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಸಾಕು ಅನ್ನಲು ಬಾಯಿ ತೆರೆದ. ವರ್ಷಗಟ್ಟಲೆ ‘ಇನ್ನೊಂದೀಟ’ ಅಂದ ಬಾಯಿಗೆ ಆ ಎರಡಕ್ಷರ ಹತ್ತಲಿಲ್ಲ. ಅವಳೆದುರು ಕೂತ. ಬೀಸುಕಲ್ಲಿಗೆ ಗಂಡಸರು ಕೈ ಹಚ್ಚಿದ್ದನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ. ಗೂಟದ ಮೇಲೆ, ಅವಳ ಕೈಯ ಮೇಲೆ ಕೈ ಇಟ್ಟ.

ಸಾವಕ್ಕ ತನ್ನ ಕೈ ತೆಗೆದಳು. ಕಲ್ಲು ನಿಂತಿತು. ಅವಳು ಅವನನ್ನು ನೋಡಿದಳು, ಅವನ ಕೈ ನೋಡಿದಳು, ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿ ಕೂತಳು, ಅವನು ಕೂರುತ್ತಿದ್ದ ಹಾಗೆ, ಮೊಣಕಾಲು ಮಡಿಚಿ. ಕಣ್ಣು ಮುಚ್ಚಿದಳು.

ಕಾಮಣ್ಣ ಗೂಟ ಹಿಡಿದು ತಿರುವಿದ. ಅಷ್ಟು ಭಾರ ಇರುತ್ತದೆ ಅಂತ ತಿಳಿದಿರಲಿಲ್ಲ. ಮೂರು ಸುತ್ತಿಗೆ ಹೆಗಲು ಹಿಡಿಯಿತು, ಹತ್ತಕ್ಕೆ ಬೆವರು ಕಣ್ಣಿಗೆ ಇಳಿಯಿತು. ಟೊಪ್ಪಿಗೆಯೊಳಗಿನ ಕಾಗದ ನೆತ್ತಿಗೆ ಚುಚ್ಚಿತು. ದುಂಡವ್ವ ಹಿಟ್ಟಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದವಳು, ನೋಡಿ, ಬುಟ್ಟಿ ಇಳಿಸಿ ಹೋದಳು. ಅವನು ತಿರುವುತ್ತಿದ್ದ. ಕಣ್ಣು ಅವಳ ಮಾರಿಯ ಮೇಲೆಯೇ ಇತ್ತು. ಅವಳು ಸಾಕು ಅಂದರೆ ನಿಲ್ಲಿಸುವವನಿದ್ದ.